ಸುರಂಗದಲ್ಲಿ ರೈಲು ಯಾಕೆ ನಿಂತಿತು, ಹೇಳಿ: ಮೆಟ್ರೋ ಸಂಸ್ಥೆಗೆ ಒಂದು ದೂರು ಪತ್ರ

ಇವರಿಗೆ,
ಮುಖ್ಯಸ್ಥರು, ಕಾರ್ಯಾಚರಣೆ ವಿಭಾಗ,
ನಗರದ ಮೆಟ್ರೋ ರೈಲು ಸಂಸ್ಥೆ

ವಿಷಯ: ನೆಲದಡಿಯ ಮಾರ್ಗದಲ್ಲಿ ರೈಲು ನಿಂತಾಗ ನಿಜವಾದ ಕಾರಣ ತಿಳಿಸದಿರುವ ಬಗ್ಗೆ ದೂರು

ಮಾನ್ಯರೇ,

ಕಳೆದ ಸೋಮವಾರ ಬೆಳಿಗ್ಗೆ, ಎಲ್ಲರೂ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ, ನಿಮ್ಮ ರೈಲು ಎರಡು ನಿಲ್ದಾಣಗಳ ನಡುವೆ ಸುರಂಗದಲ್ಲಿ ನಿಂತುಬಿಟ್ಟಿತು. ಕಾಲು ಗಂಟೆಗೂ ಜಾಸ್ತಿ ನಿಂತಿತ್ತು. ಆಮೇಲೆ ನಿಧಾನವಾಗಿ ತೆವಳಿಕೊಂಡು ಮುಂದಿನ ನಿಲ್ದಾಣ ತಲುಪಿತು. ಎಲ್ಲರನ್ನೂ ಅಲ್ಲೇ ಇಳಿಸಿದಿರಿ. ಮಧ್ಯಾಹ್ನದವರೆಗೆ ಆ ಭಾಗದಲ್ಲಿ ರೈಲು ಓಡಲಿಲ್ಲ. ಯಂತ್ರ ಅಂದಮೇಲೆ ಒಂದಲ್ಲ ಒಂದು ದಿನ ಕೈ ಕೊಡುತ್ತದೆ, ಅದಕ್ಕೆ ನಾನು ದೂರು ಬರೆಯುವುದಿಲ್ಲ. ಆದರೆ ಯಾಕೆ ನಿಂತಿತು ಅಂತ ನೀವು ಅವತ್ತು ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ನನ್ನ ದೂರು ಅದರ ಬಗ್ಗೆ.

ಒಳಗೆ ಹೇಗಿತ್ತು ಅಂತ ನಿಮಗೆ ಗೊತ್ತಾಗಬೇಕು. ಬೋಗಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮೊದಲು ಎಸಿ ನಿಂತಿತು. ಆಮೇಲೆ ಅರ್ಧ ದೀಪಗಳು ಆರಿದವು. ಕಿಟಕಿಯಾಚೆ ಕಾಂಕ್ರೀಟ್ ಗೋಡೆ, ಅದರ ಮೇಲೆ ಕೇಬಲ್ ಸಾಲು, ಬೇರೇನೂ ಕಾಣದು. ಫೋನಿಗೆ ಸಿಗ್ನಲ್ ಇಲ್ಲ. ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಸ್ಕ್ಯಾನಿಂಗ್‌ಗೆ ಹೊರಟಿದ್ದರಿಂದ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ‘ಏನಾಯ್ತಮ್ಮ, ಬೆಂಕಿ ಗಿಂಕಿ ಏನಾದ್ರೂ ಬಿತ್ತಾ?’ ಅಂತ ನನ್ನ ಮೊಣಕೈ ಹಿಡಿದುಕೊಂಡು ಮತ್ತೆ ಮತ್ತೆ ಕೇಳುತ್ತಿದ್ದರು. ಕಾಲೇಜು ಹುಡುಗನೊಬ್ಬ ಬಾಗಿಲ ಹತ್ತಿರದ ಎಮರ್ಜೆನ್ಸಿ ಬಟನ್ ಒತ್ತಿ ಡ್ರೈವರ್ ಜೊತೆ ಮಾತಾಡಿದ. ಬಂದ ಉತ್ತರ ಇಷ್ಟೇ: ‘ತಾಂತ್ರಿಕ ಕಾರಣ, ದಯವಿಟ್ಟು ಸಹಕರಿಸಿ.’ ಸ್ಪೀಕರಿನಲ್ಲೂ ಅದನ್ನೇ ಮೂರು ಭಾಷೆಗಳಲ್ಲಿ ಕೇಳಿಸಿದಿರಿ. ಬೆಂಕಿ ಇಲ್ಲ, ಹೆದರಬೇಡಿ ಅನ್ನುವ ಒಂದು ಮಾತು ಬಂದಿದ್ದರೂ ಆ ಅಜ್ಜಿಗೆ ಸಾಕಾಗುತ್ತಿತ್ತು.

ಮೇಲೆ ಬಂದ ಮೇಲೆ ಇನ್ನೂ ಕಷ್ಟ. ಗೇಟಿನ ಹತ್ತಿರ ಇದ್ದ ಸಿಬ್ಬಂದಿ ‘ಸಿಗ್ನಲ್ ಪ್ರಾಬ್ಲಮ್’ ಅಂದರು. ಬ್ಯಾಗ್ ತಪಾಸಣೆ ಮಾಡುವವರು ‘ಯಾರೋ ಬಿಟ್ಟ ಬಲೂನ್ ಕರೆಂಟ್ ಹಳಿಗೆ ತಾಗಿದೆ’ ಅಂದರು. ಹೊರಗೆ ಆಟೋದವರು ‘ಬೋರ್‌ವೆಲ್ ಕೊರೆಯೋರು ಸುರಂಗಕ್ಕೇ ತೂತು ಹಾಕಿದ್ದಾರಂತೆ ಮೇಡಂ’ ಅಂದರು. ಸಂಜೆ ಹೊತ್ತಿಗೆ ವಾಟ್ಸಾಪಿನಲ್ಲಿ ಸುರಂಗ ಕುಸಿದಿದೆ ಅಂತ ಸುದ್ದಿ ಹರಿದಾಡಿತು. ಊರಿಂದ ಅಮ್ಮ ಫೋನ್ ಮಾಡಿ ನಾಳೆಯಿಂದ ಬಸ್ಸಿಗೇ ಹೋಗು ಅಂದರು. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿ ಇವುಗಳಲ್ಲಿ ಯಾವುದು ನಿಜ ಅಂತ ಕೇಳಿದೆ. ‘ಸೇವೆ ಈಗ ಸಹಜ ಸ್ಥಿತಿಗೆ ಬಂದಿದೆ’ ಅಂತ ಹೇಳಿ ಫೋನ್ ಇಟ್ಟರು.

ಬೋರ್‌ವೆಲ್ ಮಾತನ್ನು ಗಾಳಿಸುದ್ದಿ ಅಂತ ನಾನು ತಳ್ಳಿಹಾಕುವುದಿಲ್ಲ. ಅಂಥದ್ದೇ ಲಂಡನ್ನಿನಲ್ಲಿ ನಡೆದಿದೆ. 2013ರ ಮಾರ್ಚ್ 8ರಂದು ಓಲ್ಡ್ ಸ್ಟ್ರೀಟ್ ಮತ್ತು ಎಸೆಕ್ಸ್ ರೋಡ್ ನಿಲ್ದಾಣಗಳ ನಡುವೆ ಸುರಂಗದ ಮೇಲಿಂದ ನೀರು ಸುರಿಯುತ್ತಿರುವುದನ್ನು ರೈಲಿನ ಡ್ರೈವರ್ ಒಬ್ಬರು ನೋಡಿ ತಿಳಿಸಿದರು. ಜನರಿಲ್ಲದ ಇನ್ನೊಂದು ರೈಲಿನ ಡ್ರೈವರಿಗೆ ಹೋಗಿ ನೋಡಿಕೊಂಡು ಬರಲು ಹೇಳಿದರು. ನೋಡಿದರೆ ಸುರಂಗದ ಗೋಡೆ ತೂರಿಕೊಂಡು ದೊಡ್ಡ ಡ್ರಿಲ್ಲುಗಳು ಒಳಗೆ ಬಂದಿದ್ದವು. ಮೇಲೆ ಒಂದು ಕಟ್ಟಡಕ್ಕೆ ಪೈಲಿಂಗ್, ಅಂದರೆ ಅಡಿಪಾಯದ ಕಂಬಗಳಿಗೆ ಆಳವಾಗಿ ಕೊರೆಯುವ ಕೆಲಸ, ನಡೆಯುತ್ತಿತ್ತು. ಕೆಳಗೆ ರೈಲು ಓಡಾಡುತ್ತದೆ ಅಂತ ಕಟ್ಟಿಸುವವರಿಗೂ ಗೊತ್ತಿರಲಿಲ್ಲ, ಕೊರೆಯುವವರಿಗೂ ಗೊತ್ತಿರಲಿಲ್ಲ. ಅವರ ಕೈಯಲ್ಲಿದ್ದ ನಕ್ಷೆಯಲ್ಲಿ ಸುರಂಗವೇ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಇದೆಲ್ಲ ನನಗೆ ಹೇಗೆ ಗೊತ್ತು? ಬ್ರಿಟನ್ನಿನ ರೈಲು ಅಪಘಾತ ತನಿಖಾ ಸಂಸ್ಥೆ ಪೂರ್ತಿ ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಿತು. ಅದಕ್ಕೇ ಗೊತ್ತು.

ಈಗ ನಮ್ಮ ಕಡೆ ನೋಡಿ. ನಾನಿರುವ ಬಡಾವಣೆಯ ಕೆಳಗೇ ನಿಮ್ಮ ಸುರಂಗ ಹೋಗುತ್ತದೆ. ಬೇಸಿಗೆಯಲ್ಲಿ ನಲ್ಲಿ ಒಣಗಿದ ಕೂಡಲೇ ಯಾರದ್ದೋ ಮನೆ ಮುಂದೆ ಬೋರ್‌ವೆಲ್ ಲಾರಿ ಬಂದು ನಿಲ್ಲುತ್ತದೆ. ನೂರಾರು ಅಡಿ ಕೊರೆಯುತ್ತಾರೆ. ನಿಮ್ಮ ಸುರಂಗ ಅಷ್ಟು ಆಳದಲ್ಲಿ ಇಲ್ಲ. ಯಾವ ರಸ್ತೆಯ ಕೆಳಗೆ ಹೋಗುತ್ತದೆ, ಎಷ್ಟು ದೂರದವರೆಗೆ ಕೊರೆಯಬಾರದು ಅಂತ ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ನಾನು ಕೇಳಿ ನೋಡಿದ್ದೇನೆ. ಸೋಮವಾರ ಆದದ್ದು ಬೋರ್‌ವೆಲ್‌ನಿಂದಲೇ ಆಗಿದ್ದರೆ, ಅದನ್ನು ಮೊದಲು ತಿಳಿಯಬೇಕಾದವರು ನಮ್ಮ ಬೀದಿಯವರು. ಅದಲ್ಲ ಅಂತಾದರೆ ಹಾಗಂತಲಾದರೂ ಹೇಳಿ, ಜನ ನೆಮ್ಮದಿಯಾಗಿ ಮಲಗಲಿ.

ನೆಲದಡಿಯ ರೈಲು ನಿಲ್ಲಲು ಎಂತೆಂಥ ಕಾರಣಗಳಿರುತ್ತವೆ ಅಂತ ಈ ವಾರ ಹುಡುಕಿ ಓದಿದೆ. ಲಂಡನ್ನಿನಲ್ಲೇ 2014ರ ಜನವರಿ 23ರಂದು ವಿಕ್ಟೋರಿಯಾ ಮಾರ್ಗದ ಸಿಗ್ನಲ್ ಉಪಕರಣಗಳ ಕೋಣೆಗೆ ಹಸಿ ಕಾಂಕ್ರೀಟ್ ನುಗ್ಗಿತು. ಪಕ್ಕದಲ್ಲಿ ನಿಲ್ದಾಣ ದೊಡ್ಡದು ಮಾಡುವ ಕೆಲಸ ನಡೆಯುತ್ತಿತ್ತು. ಅಲ್ಲಿ ಸುರಿದದ್ದು ಇಲ್ಲಿಗೆ ಸೋರಿತು. ಬೇಗ ಗಟ್ಟಿಯಾಗುವ ಜಾತಿಯದು ಬೇರೆ. ಸಿಬ್ಬಂದಿ ಹತ್ತಿರದ ಅಂಗಡಿಗಳಿಂದ ಸಕ್ಕರೆ ತಂದು ಅದಕ್ಕೆ ಬೆರೆಸಿದರು. ಸಕ್ಕರೆ ಬಿದ್ದರೆ ಸಿಮೆಂಟ್ ಗಟ್ಟಿಯಾಗುವುದು ನಿಧಾನವಾಗುತ್ತದೆ. ಹಾಗೆ ಗುದ್ದಲಿ ಹಿಡಿದು ತೆಗೆದು, ಮರುದಿನ ಬೆಳಿಗ್ಗೆ ರೈಲು ಓಡಿಸಿದರು. ಕಾರಣ ಏನು ಅಂತ ಅದೇ ದಿನ ಜನರಿಗೆ ತಿಳಿಸಿದರು, ಕ್ಷಮೆಯನ್ನೂ ಕೇಳಿದರು. ಮುಜುಗರದ ವಿಷಯವೇ. ಆದರೂ ಹೇಳಿದರು. ಆ ಸಿಬ್ಬಂದಿಯ ಬಗ್ಗೆ ಓದುವಾಗ ನನಗೆ ಬಂದದ್ದು ಗೌರವ. ನಿಮ್ಮ ಸಿಬ್ಬಂದಿ ಸೋಮವಾರ ಸುರಂಗದಲ್ಲಿ ಎಷ್ಟು ಒದ್ದಾಡಿರಬಹುದೋ ಏನೋ. ನೀವು ಹೇಳದೇ ಇರುವುದರಿಂದ ಅವರಿಗೆ ಸಲ್ಲಬೇಕಾದ ಗೌರವವೂ ಸಲ್ಲುತ್ತಿಲ್ಲ.

ಸಿಂಗಪುರದ ಸಂಗತಿಯನ್ನು ನಿಮ್ಮ ಇಂಜಿನಿಯರುಗಳು ಖಂಡಿತ ಓದಿರುತ್ತಾರೆ. 2016ರಲ್ಲಿ ಅಲ್ಲಿನ ಸರ್ಕಲ್ ಲೈನಿನ ರೈಲುಗಳು ಇದ್ದಕ್ಕಿದ್ದಂತೆ ಸಿಗ್ನಲ್ ಕಳೆದುಕೊಂಡು ತಾವಾಗಿಯೇ ಬ್ರೇಕ್ ಹಾಕಿ ನಿಲ್ಲುತ್ತಿದ್ದವು. ಅದು ಡ್ರೈವರ್ ಇಲ್ಲದೆ ಓಡುವ, ಪೂರ್ತಿ ನೆಲದಡಿಯ ಮಾರ್ಗ. ಒಂದು ದಿನ ಇಲ್ಲಿ, ಇನ್ನೊಂದು ದಿನ ಅಲ್ಲಿ. ಯಾವ ರೈಲು ನಿಲ್ಲುತ್ತದೆ, ಯಾವ ಜಾಗದಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಲೆಕ್ಕವೇ ಸಿಗಲಿಲ್ಲ. ಕೊನೆಗೆ ಸರ್ಕಾರದ ಡೇಟಾ ತಜ್ಞರು ಪ್ರತಿ ಘಟನೆಯ ಸಮಯ, ಜಾಗ, ರೈಲು ಹೋಗುತ್ತಿದ್ದ ದಿಕ್ಕು ಎಲ್ಲವನ್ನೂ ಒಂದೇ ಚಿತ್ರದಲ್ಲಿ ಗುರುತು ಮಾಡಿ ನೋಡಿದರು. ಆಗ ಗೊತ್ತಾಯಿತು, ನಿಂತ ರೈಲುಗಳಲ್ಲಿ ದೋಷವೇ ಇರಲಿಲ್ಲ. ಎದುರು ದಿಕ್ಕಿನಿಂದ ಹಾದುಹೋಗುತ್ತಿದ್ದ ಒಂದೇ ಒಂದು ರೈಲು, ಪಿವಿ46 ಅನ್ನುವುದು, ತಾನು ಆರಾಮಾಗಿ ಓಡುತ್ತಾ ಅಕ್ಕಪಕ್ಕದವುಗಳ ಸಿಗ್ನಲ್ ಕೆಡಿಸುತ್ತಿತ್ತು. ಅದರ ಸಿಗ್ನಲ್ ಯಂತ್ರ ಕೆಟ್ಟಿತ್ತು. ಇದನ್ನು ಕಂಡುಹಿಡಿದದ್ದು ಹೇಗೆ ಅಂತ ಆ ತಜ್ಞರೇ ಚಿತ್ರಗಳ ಸಮೇತ ಸರ್ಕಾರದ ಜಾಲತಾಣದಲ್ಲಿ ಬರೆದರು. ಸಾಮಾನ್ಯ ಜನ ಓದಿದರು, ಅರ್ಥ ಮಾಡಿಕೊಂಡರು. ಸಿಗ್ನಲ್ ವಿಷಯ ಜನರಿಗೆ ಅರ್ಥವಾಗುವುದಿಲ್ಲ ಅಂತ ನೀವು ಅಂದುಕೊಂಡಿದ್ದರೆ, ದಯವಿಟ್ಟು ಆ ಭಾವನೆ ಬಿಡಿ.

2013ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಎರಡು ಬೆಕ್ಕಿನ ಮರಿಗಳು ಹಳಿಗಿಳಿದವು ಅಂತ ಸಬ್‌ವೇ ರೈಲುಗಳ ಕರೆಂಟನ್ನೇ ತೆಗೆದರು. 2019ರ ಮೇ ತಿಂಗಳಲ್ಲಿ ಜಪಾನಿನ ಕ್ಯುಶು ಕಡೆ, ನೆಲದ ಮೇಲಿನ ಮಾರ್ಗದಲ್ಲಿ, ವಿದ್ಯುತ್ ಉಪಕರಣದೊಳಗೆ ಒಂದು ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ಹೊಕ್ಕು ಸುಟ್ಟು, ಸುಮಾರು 12,000 ಜನರ ಪ್ರಯಾಣ ಕೆಟ್ಟಿತು. ಎರಡೂ ಕಡೆ ಕಾರಣವನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಅಷ್ಟು ದೂರ ಯಾಕೆ, ದೆಹಲಿ ಮೆಟ್ರೋ 2024ರ ಡಿಸೆಂಬರ್ 5ರಂದು ಬ್ಲೂ ಲೈನ್ ತಡವಾದಾಗ ಬೆಳಿಗ್ಗೆಯೇ ತಿಳಿಸಿತು: ಮೋತಿ ನಗರ ಮತ್ತು ಕೀರ್ತಿ ನಗರದ ನಡುವೆ ಕೇಬಲ್ ಕಳವಾಗಿದೆ, ರಾತ್ರಿ ರೈಲು ನಿಂತ ಮೇಲೆಯೇ ಸರಿಯಾಗುತ್ತದೆ, ಅಲ್ಲಿಯವರೆಗೆ ನಿಧಾನ. ಕೇಳಿದವರು ಬೇಗ ಹೊರಟರು, ಇಲ್ಲವೇ ಬೇರೆ ದಾರಿ ಹಿಡಿದರು. ನಮ್ಮ ಮನೆಗೆ ಕರೆಂಟ್ ಹೋದಾಗ ಲೈನ್‌ಮನ್‌ಗೆ ಫೋನ್ ಮಾಡಿದರೆ ‘ಕೊಂಬೆ ಬಿದ್ದಿದೆ, ಒಂದು ಗಂಟೆ ಆಗುತ್ತೆ ಸರ್’ ಅಂತ ಹೇಳುತ್ತಾರಲ್ಲ, ಅಷ್ಟು ಸಾಕು ನಮಗೆ.

ಇಷ್ಟು ಒತ್ತಿ ಕೇಳುವುದಕ್ಕೆ ಕಾರಣ ಇದೆ. ಇಂಥ ಅಡಚಣೆಗಳಲ್ಲಿ ಎಷ್ಟೋ ನಿಮ್ಮ ಕೈಯಲ್ಲಿ ಇರುವುದಿಲ್ಲ, ನಮ್ಮ ಕೈಯಲ್ಲಿ ಇರುತ್ತವೆ. ಬಲೂನ್ ಬಿಡುವವರು ನಾವು. ಬೋರ್‌ವೆಲ್ ಕೊರೆಸುವವರು ನಾವು. ಬಾಗಿಲಿಗೆ ಬ್ಯಾಗ್ ಅಡ್ಡ ಕೊಡುವವರೂ ನಾವೇ. ನೀವು ಕಾರಣ ಮುಚ್ಚಿಟ್ಟರೆ ನಮಗೆ ತಿದ್ದಿಕೊಳ್ಳಲು ದಾರಿಯೇ ಇಲ್ಲ, ಅಲ್ವಾ? ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ 1987ರ ನವೆಂಬರ್ 18ರಂದು ಹತ್ತಿದ ಬೆಂಕಿಗೆ 31 ಜನ ಸತ್ತರು. ಮರದ ಎಸ್ಕಲೇಟರಿನ ಸಂದಿಗೆ ಬಿದ್ದ ಒಂದು ಉರಿಯುವ ಬೆಂಕಿಕಡ್ಡಿ, ಕೆಳಗೆ ಸೇರಿದ್ದ ಗ್ರೀಸು ಮತ್ತು ಕಸಕ್ಕೆ ಹತ್ತಿಕೊಂಡಿತ್ತು. ತನಿಖೆ ಬಹಿರಂಗವಾಗಿ ನಡೆದು, ಕಾರಣ ಎಲ್ಲರಿಗೂ ತಿಳಿದ ಮೇಲೆ, ನೆಲದಡಿಯ ನಿಲ್ದಾಣಗಳ ಸುರಕ್ಷತೆಯ ನಿಯಮಗಳೇ ಬದಲಾದವು. ನನ್ನ ಪಕ್ಕದ ಅಜ್ಜಿ ಬೆಂಕಿ ಬಿತ್ತಾ ಅಂತ ಕೇಳಿದ್ದು ಸುಮ್ನೆ ಅಲ್ಲ. ಸುರಂಗದಲ್ಲಿ ಕೂತವರಿಗೆ ಆ ಪ್ರಶ್ನೆ ಬಂದೇ ಬರುತ್ತದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಸೋಮವಾರ ರೈಲು ಯಾಕೆ ನಿಂತಿತು, ಏನು ದುರಸ್ತಿ ಮಾಡಿದಿರಿ ಅಂತ ಲಿಖಿತವಾಗಿ ತಿಳಿಸಿ, ನಿಮ್ಮ ಜಾಲತಾಣದಲ್ಲೂ ಕನ್ನಡದಲ್ಲಿ ಹಾಕಿ. ಮುಂದೆ ರೈಲು ಸುರಂಗದಲ್ಲಿ ನಿಂತರೆ, ಡ್ರೈವರಿಗೆ ಗೊತ್ತಿರುವಷ್ಟನ್ನು ಅವರ ಬಾಯಿಂದಲೇ ಹೇಳಿಸಿ. ‘ಕಾರಣ ಇನ್ನೂ ಗೊತ್ತಾಗಿಲ್ಲ, ಹೊಗೆ ಇಲ್ಲ, ಬೆಂಕಿ ಇಲ್ಲ’ ಅಂದರೂ ನಡೆಯುತ್ತದೆ. ಗೇಟಿನವರು, ಸೆಕ್ಯೂರಿಟಿಯವರು, ಸಹಾಯವಾಣಿಯವರು ಒಂದೇ ಮಾತು ಹೇಳುವ ಹಾಗೆ ಎಲ್ಲರಿಗೂ ಒಂದು ಸಂದೇಶ ಕಳಿಸಿ. ಸುರಂಗ ಹಾದುಹೋಗುವ ಬೀದಿಗಳಲ್ಲಿ ಬೋರ್ಡ್ ಹಾಕಿ, ಬೋರ್‌ವೆಲ್ ಮತ್ತು ಪೈಲಿಂಗ್ ಕೆಲಸದವರು ಯಾರನ್ನು ಕೇಳಿ ಮುಂದುವರಿಯಬೇಕು ಅಂತ ಫೋನ್ ನಂಬರ್ ಸಮೇತ ಬರೆಸಿ. ಅವತ್ತು ಅರ್ಧದಲ್ಲೇ ಇಳಿದವರ ಟಿಕೆಟ್ ಹಣ ವಾಪಸ್ ಕೊಡಿ. ನನ್ನ ಹಣ ದೊಡ್ಡದಲ್ಲ, ಆದರೆ ಆ ಅಜ್ಜಿ ಅಲ್ಲಿಂದ ಆಸ್ಪತ್ರೆಗೆ ಆಟೋಗೆ ಕೊಟ್ಟದ್ದು ದೊಡ್ಡದೇ.

ಈ ಪತ್ರಕ್ಕೆ ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಇದೇ ಪ್ರಶ್ನೆಗಳನ್ನು ಅರ್ಜಿಯಾಗಿ ಹಾಕುತ್ತೇನೆ. ಅದಕ್ಕೆ 30 ದಿನದೊಳಗೆ ನೀವು ಉತ್ತರ ಕೊಡಲೇಬೇಕಾಗುತ್ತದೆ. ಅಲ್ಲಿಯವರೆಗೆ ಹೋಗುವುದು ಬೇಡ ಅಂತ ನನ್ನ ಆಸೆ. ಸೋಮವಾರದ ಪ್ರಯಾಣದ ಟಿಕೆಟ್ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ನೆಲದಡಿಯ ಮಾರ್ಗದ ನಿತ್ಯ ಪ್ರಯಾಣಿಕಳು