ಮಗಳಿಗೊಂದು ಪತ್ರ: ಆ ಜ್ವರದ ಬಗ್ಗೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಕೇಳಿದಾಗ ಏನೋ ಹೇಳಿ ಮಾತು ತೇಲಿಸಿಬಿಟ್ಟೆ. ಅಣ್ಣ ಹೊಟ್ಟೆಯಲ್ಲಿದ್ದಾಗ ನನಗೆ ಬಂದ ಜ್ವರದಿಂದಲೇ ಅವನಿಗೆ ಸ್ಕಿಜೋಫ್ರೇನಿಯಾ ಅನ್ನೋ ಈ ಮನಸ್ಸಿನ ಕಾಯಿಲೆ ಬಂತಾ ಅಂತ ಕೇಳಿದೆ. ಈಗ ನೀನು ಬಸುರಿ, ಹೋದ ವಾರ ಫ್ಲೂ ಬಂದು ಮಲಗಿದ್ದವಳು, ಈ ಭಯ ಬರದೇ ಇರುತ್ತಾ? ನನಗಾಗ ಐದನೇ ತಿಂಗಳು. ಮೂರು ದಿನ ಮೈ ಕೆಂಡದ ಹಾಗೆ ಸುಡುತ್ತಿತ್ತು. ಅವನಿಗೆ ಕಾಯಿಲೆ ಅಂತ ಗೊತ್ತಾದ ಮೇಲೆ ಆ ಮೂರು ದಿನಗಳನ್ನು ಎಷ್ಟು ರಾತ್ರಿ ನೆನೆಸಿಕೊಂಡು ಅತ್ತಿದ್ದೇನೋ, ಲೆಕ್ಕವಿಲ್ಲ.

ಸಂಬಂಧ ಇರಬಹುದು ಅನ್ನೋದು ಸುಳ್ಳಲ್ಲ. 1957ರಲ್ಲಿ ಫ್ಲೂ ಜಗತ್ತಿಗೆಲ್ಲ ಹರಡಿತ್ತು. ಆಗ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ನಾಲ್ಕರಿಂದ ಆರು ತಿಂಗಳ ಬಸುರಿಯರಾಗಿದ್ದವರ ಮಕ್ಕಳಲ್ಲಿ ಈ ಕಾಯಿಲೆ ಜಾಸ್ತಿ ಕಂಡಿತು ಅಂತ 1988ರಲ್ಲಿ ಮೆಡ್ನಿಕ್ ಅನ್ನೋ ಸಂಶೋಧಕರು ಮತ್ತವರ ಜೊತೆಯವರು ಬರೆದರು. ಆದರೆ ಅವರು ನೋಡಿದ್ದು ಫ್ಲೂ ಹರಡಿದ್ದಾಗ ಯಾರಿಗೆ ಎಷ್ಟನೇ ತಿಂಗಳಾಗಿತ್ತು ಅನ್ನೋದನ್ನು, ಯಾವ ತಾಯಿಗೆ ನಿಜವಾಗಿ ಜ್ವರ ಬಂದಿತ್ತು ಅನ್ನೋದನ್ನಲ್ಲ. ಆಮೇಲೆ ಹುಡುಕಿದವರಲ್ಲಿ ಕೆಲವರಿಗೆ ಅದೇ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಇಲಿಗಳ ಮೇಲಿನ ಪ್ರಯೋಗಗಳಲ್ಲಂತೂ, ವೈರಸ್ಸೇ ಇಲ್ಲದೆ ತಾಯಿಯ ರೋಗನಿರೋಧಕ ಶಕ್ತಿಯನ್ನು ಕೆರಳಿಸಿದರೂ ಸಾಕು, ಮರಿಯ ಮಿದುಳಿನ ಬೆಳವಣಿಗೆಯಲ್ಲಿ ವ್ಯತ್ಯಾಸ ಕಂಡಿದೆ. ಅಂದರೆ ವೈರಸ್ಸು ಮಗುವಿನ ತಲೆಗೆ ಹೊಕ್ಕು ಕೆಡಿಸಿತು ಅಂತಲೇ ಅಲ್ಲ, ಅದರ ವಿರುದ್ಧ ತಾಯಿಯ ಮೈ ನಡೆಸುವ ಹೋರಾಟದ ಬಿಸಿಯೂ ಮಗುವಿಗೆ ತಟ್ಟಬಹುದು.

ಆದರೆ ಇದನ್ನೂ ಕೇಳು. ಬಸುರಿನಲ್ಲಿ ಜ್ವರ ಬಂದ ತಾಯಂದಿರ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಈ ಕಾಯಿಲೆ ಬರುವುದೇ ಇಲ್ಲ. ವಂಶವಾಹಿಯದೂ ದೊಡ್ಡ ಪಾಲಿದೆ, ಅದೂ ಪೂರ್ತಿ ಅಲ್ಲ: ಒಂದೇ ಥರದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಅರ್ಧದಷ್ಟು ಜೋಡಿಗಳಲ್ಲಾದರೂ ಇನ್ನೊಬ್ಬರಿಗೆ ಬರುವುದಿಲ್ಲ. ಎಷ್ಟೋ ಎಳೆ ಸೇರಿ ಆಗುವ ಗಂಟು ಇದು. ನನ್ನ ಜ್ವರ ಅದರಲ್ಲಿ ಒಂದು ಎಳೆಯಾಗಿತ್ತಾ ಅಂತ ಯಾವ ಡಾಕ್ಟರೂ ಹೇಳಲಾರರು. "ನೀನು ಹುಷಾರಾಗಿ ಇರಬೇಕಿತ್ತು" ಅಂತ ಅಂದವರು ಇದ್ದಾರೆ. ಜ್ವರ ಯಾರಾದರೂ ಬೇಕು ಅಂತ ತಂದುಕೊಳ್ಳುತ್ತಾರಾ ಪುಟ್ಟಿ? ಆ ಮಾತು ನಿನ್ನ ಹತ್ತಿರಕ್ಕೂ ಬರಬಾರದು.

ನೀನು ಮಾಡಬೇಕಾದ್ದು ಇಷ್ಟೇ. ಮತ್ತೆ ಜ್ವರ ಬಂದರೆ ಸುಮ್ನೆ ತಡೆದುಕೊಂಡು ಕೂರಬೇಡ, ಅವತ್ತೇ ಡಾಕ್ಟರಿಗೆ ತಿಳಿಸು. ಫ್ಲೂ ಲಸಿಕೆಯನ್ನು ಬಸುರಿಯರೂ ಹಾಕಿಸಿಕೊಳ್ಳಬಹುದು, ಅದನ್ನೂ ಕೇಳು.

ಅಣ್ಣನಿಗೆ ಒಂದು ಫೋನ್ ಮಾಡು. ನೀನು ಮಲಗಿದ್ದೆ ಅಂತ ಗೊತ್ತಾದಾಗಿನಿಂದ ಬೆಳಿಗ್ಗೆ ಸಾಯಂಕಾಲ ಬಂದು "ಅವಳ ಜ್ವರ ಇಳೀತಾ" ಅಂತ ಕೇಳುತ್ತಿದ್ದಾನೆ.

ನಿನ್ನ ಅಮ್ಮ