ನಮ್ಮ ಮಾತು ರೇಡಿಯೊದಲ್ಲಿ ಬಂದಾಗ

ಪ್ರಿಯ ಓದುಗರೇ,

ಫೆಬ್ರವರಿ 13 ವಿಶ್ವ ರೇಡಿಯೊ ದಿನ. ಅದಕ್ಕೇ ಈ ಸಲ ನಮ್ಮ ಕಲಬುರಗಿ ಕಡೆಗೆ ರೇಡಿಯೊ ಬಂದ ಬಗ್ಗೆ ಬರೆಯಬೇಕು ಅನ್ನಿಸಿತು.

ರೇಡಿಯೊ ಕಂಡುಹಿಡಿದವರು ಯಾರು ಅಂದರೆ ನಾವೆಲ್ಲ ಮಾರ್ಕೋನಿ ಅಂತೀವಿ. ಆದರೆ ಆ ಕತೆ ಒಬ್ಬರಿಗೇ ಮುಗಿಯುವುದಿಲ್ಲ. ರೇಡಿಯೊ ಅಲೆಗಳಂಥವು ಇರಬೇಕು ಅಂತ ಲೆಕ್ಕ ಹಾಕಿ ಹೇಳಿದ್ದು ಸ್ಕಾಟ್ಲೆಂಡಿನ ವಿಜ್ಞಾನಿ ಮ್ಯಾಕ್ಸ್‌ವೆಲ್. 1887-88ರಲ್ಲಿ ಅವನ್ನು ಪ್ರಯೋಗ ಮಾಡಿ ತೋರಿಸಿದ್ದು ಜರ್ಮನಿಯ ಹರ್ಟ್ಸ್. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶ್ ಚಂದ್ರ ಬೋಸ್ ಗೋಡೆಯಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. 1901ರ ಡಿಸೆಂಬರ್‌ನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ದಾಟಿಸಿದ್ದು ಬರೀ ಮೂರು ಚುಕ್ಕೆ, ಮೋರ್ಸ್ ಲಿಪಿಯ ಎಸ್ ಅಕ್ಷರ. ಮನುಷ್ಯರ ಮಾತು, ಹಾಡು ಬಂದದ್ದು ಆಮೇಲೆ.

ಮೈಸೂರಿನವರಿಗೆ 1935ರಲ್ಲೇ ಕನ್ನಡ ರೇಡಿಯೊ ಸಿಕ್ಕಿತು. ಎಂ.ವಿ. ಗೋಪಾಲಸ್ವಾಮಿ ಅನ್ನುವ ಪ್ರೊಫೆಸರು ತಮ್ಮ ಮನೆಯಲ್ಲೇ ಕೇಂದ್ರ ಶುರು ಮಾಡಿದ್ದರು. ನಾವು ಆಗ ನಿಜಾಮರ ಸಂಸ್ಥಾನದಲ್ಲಿದ್ದೆವು. ನಮಗೆ ರೇಡಿಯೊ ಅಂದರೆ ಹೈದರಾಬಾದಿನ ಡೆಕ್ಕನ್ ರೇಡಿಯೊ, ಅದರ ಮುಖ್ಯ ಭಾಷೆ ಉರ್ದು. 1948ರ ಸೆಪ್ಟೆಂಬರ್ 17ರಂದು ಪೊಲೀಸ್ ಕಾರ್ಯಾಚರಣೆ ಮುಗಿದಾಗ ನಿಜಾಮರು ಶರಣಾದ ಸುದ್ದಿಯನ್ನು ತಾವೇ ಹೇಳಿದ್ದೂ ಆ ರೇಡಿಯೊದಲ್ಲೇ. ಕಲಬುರಗಿಗೆ ತನ್ನದೇ ಆಕಾಶವಾಣಿ ಕೇಂದ್ರ ಬಂದದ್ದು 1966ರಲ್ಲಿ. ಮೈಸೂರಿಗೂ ನಮಗೂ ಮೂವತ್ತೊಂದು ವರ್ಷದ ಅಂತರ! ಅದಕ್ಕೇ ಆ ಕೇಂದ್ರದ ಮೇಲೆ ನಮ್ಮವರಿಗೆ ಅಷ್ಟು ಜೀವ.

ಅಷ್ಟರಲ್ಲಿ ಟ್ರಾನ್ಸಿಸ್ಟರ್ ಬಂದಿತ್ತು. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್‌ನಲ್ಲಿ ಅದು ಹುಟ್ಟದಿದ್ದರೆ ಕರೆಂಟ್ ಇಲ್ಲದ ನಮ್ಮ ಹಳ್ಳಿಗಳಿಗೆ ರೇಡಿಯೊ ಬರುವುದು ಇನ್ನೂ ತಡವಾಗುತ್ತಿತ್ತು. ಸೆಲ್ ಹಾಕಿದರೆ ಸಾಕು, ಹೊಲಕ್ಕೂ ಒಯ್ಯಬಹುದು. ಆಳಂದ ತಾಲೂಕಿನ ನಮ್ಮೂರಲ್ಲಿ ಮುತ್ಯಾನ (ಅಜ್ಜನ) ರೇಡಿಯೊ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಸೆಲ್ ಸೋತರೆ ಆಯಿ ಅವನ್ನು ಮಾಳಿಗೆ ಮೇಲೆ ಬಿಸಿಲಿಗಿಡುತ್ತಿದ್ದಳು. ಮತ್ತೆ ಸ್ವಲ್ಪ ಹೊತ್ತು ನಡೆಯುತ್ತಿತ್ತು. ದನಿ ಕ್ಷೀಣವಾದರೆ ಮುತ್ಯಾ ಇಡೀ ಪೆಟ್ಟಿಗೆಯನ್ನೇ ಮೆಲ್ಲಗೆ ತಿರುಗಿಸುತ್ತಿದ್ದ. ಒಂದು ಕಡೆ ನಿಲ್ಲಿಸಿದರೆ ದನಿ ಸ್ಪಷ್ಟ, ಇನ್ನೊಂದು ಕಡೆ ಪೂರ್ತಿ ಮಾಯ. ಒಳಗೆ ತಂತಿ ಸುತ್ತಿದ ಫೆರೈಟ್ ಕಡ್ಡಿ ಇರುತ್ತದೆ, ಅಲೆ ಹಿಡಿಯುವ ಆಂಟೆನಾ ಅದೇ. ಅದರ ತುದಿ ಕೇಂದ್ರದ ಕಡೆ ತಿರುಗಿದರೆ ಅಲೆ ಸಿಗುವುದಿಲ್ಲ, ಅಡ್ಡ ನಿಂತರೆ ಚೆನ್ನಾಗಿ ಸಿಗುತ್ತದೆ. ಮುತ್ಯಾನಿಗೆ ಈ ವಿಜ್ಞಾನ ಗೊತ್ತಿರಲಿಲ್ಲ, ಆದರೆ ಯಾವ ಸ್ಟೇಷನ್‌ಗೆ ಎತ್ತ ತಿರುಗಿಸಬೇಕು ಅನ್ನೋದು ಕೈಗೆ ಗೊತ್ತಿತ್ತು.

ರಾತ್ರಿಯಾದರೆ ದೂರದೂರದ ಸ್ಟೇಷನ್‌ಗಳೂ ಸಿಗುತ್ತಿದ್ದವು. ಹಗಲು ಮೀಡಿಯಂ ವೇವ್ ಅಲೆಗಳನ್ನು ಹೀರಿಕೊಳ್ಳುವ ವಾತಾವರಣದ ಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ನೂರಾರು ಮೈಲಿ ಆಚೆ ಇಳಿಯುತ್ತವೆ. ಆದರೂ ನಮ್ಮ ಮನೆಯಲ್ಲಿ ಜನ ಸುತ್ತ ಕೂಡುತ್ತಿದ್ದದ್ದು ನಮ್ಮ ಸ್ಟೇಷನ್ ಹಚ್ಚಿದಾಗಲೇ. ತೊಗರಿ, ಜೋಳದ ಮಾತು, ತತ್ವಪದ, ನಮ್ಮ ಕಡೆಯ ಮಾತಿನ ಧಾಟಿ. ನಾವು ಮನೆಯಲ್ಲಿ ಆಡುವ ಮಾತು ಪೆಟ್ಟಿಗೆಯೊಳಗಿಂದ ಬಂದಾಗ ಆಯಿ ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳುತ್ತಿದ್ದಳು. ಮಾರ್ಕೋನಿಯ ಯಂತ್ರ ನಮ್ಮದಾದದ್ದು ಆಗಲೇ ಅಂತ ನಾನು ನಂಬಿದ್ದೇನೆ. ಆಕಾಶವಾಣಿ ಎಷ್ಟೇ ಬದಲಾದರೂ ಊರಿನ ಕೇಂದ್ರಗಳ ಸ್ವಂತ ಕಾರ್ಯಕ್ರಮಗಳಿಗೆ ಕತ್ತರಿ ಬೀಳಬಾರದು.

ಈಗ ಆಕಾಶವಾಣಿಯನ್ನು ಫೋನಿನಲ್ಲೇ, ನ್ಯೂಸ್ ಆನ್ ಏರ್ ಆಪ್ ಮೂಲಕ ಎಲ್ಲಿದ್ದರೂ ಕೇಳಬಹುದು. ಮಕ್ಕಳಿಗೂ ಕೇಳಿಸಿ. ಇನ್ನೊಂದು ಕೋರಿಕೆ. ಬುಲಾಯಿ ಪದ, ಮೊಹರಂ ಪದದಂಥ ನಮ್ಮ ಕಡೆಯ ಜನಪದ ಹಾಡು ಬಲ್ಲ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಹಾಡಿದವರ ಹೆಸರು, ಊರು ಬರೆಯೋದು ಮರೀಬೇಡಿ. ಯುಗಾದಿ ಕಾರ್ಯಕ್ರಮದಲ್ಲಿ ಎಲ್ಲರೂ ಕೂತು ಕೇಳೋಣ.