ಟೈರಿನ ವಯಸ್ಸನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

‘ಟೈರ್ ಸಿಡಿದು ಕಾರು ಪಲ್ಟಿ’ ಎಂಬ ಶೀರ್ಷಿಕೆಯನ್ನು ನಿಮ್ಮ ಪತ್ರಿಕೆಯಲ್ಲಿ ಎಷ್ಟು ಬಾರಿ ಓದಿದ್ದೇನೋ ಲೆಕ್ಕವಿಲ್ಲ. ಸಿಡಿಲು ಬಡಿದು ಮರ ಉರುಳಿತು ಎನ್ನುವ ಧಾಟಿಯಲ್ಲೇ ಸುದ್ದಿ ಇರುತ್ತದೆ. ಚಾಲಕನ ವಯಸ್ಸು ಇರುತ್ತದೆ, ಪ್ರಯಾಣಿಕರ ವಯಸ್ಸು ಇರುತ್ತದೆ, ಟೈರಿನ ವಯಸ್ಸು ಮಾತ್ರ ಇರುವುದಿಲ್ಲ. ಅದಕ್ಕೂ ವಯಸ್ಸಾಗುತ್ತದೆ ಎಂಬುದು 31 ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನನಗೇ ಹೊಳೆದಿರಲಿಲ್ಲ.

ನನ್ನ ಕಾರು ಒಂಬತ್ತು ವರ್ಷಗಳಲ್ಲಿ ಓಡಿದ್ದು 28,000 ಕಿಲೋಮೀಟರ್ ಮಾತ್ರ. ಟೈರುಗಳು ಕಾರಿನ ಜೊತೆ ಬಂದವೇ. ಬಟನ್, ಅಂದರೆ ನೆಲಕ್ಕೆ ತಾಗುವ ಮೈಯ ಅಚ್ಚು, ಚೆನ್ನಾಗಿಯೇ ಇತ್ತು, ಸ್ಕೇಲ್ ಇಟ್ಟು ನೋಡಿದರೆ 5 ಮಿಲಿಮೀಟರ್ ಆಳ. ‘ಇನ್ನೂ ಅರ್ಧ ಆಯಸ್ಸಿದೆ’ ಎಂದು ನೆಮ್ಮದಿಯಾಗಿದ್ದೆ. ಒಂದು ದಿನ ಗಾಳಿ ತುಂಬುತ್ತಿದ್ದ ಹುಡುಗ ಟೈರಿನ ಪಕ್ಕೆಯನ್ನು ಬೆರಳಿನಿಂದ ಸವರಿ, ‘ಸರ್, ಇದು ಯಾವ ಇಸವಿಯದು?’ ಎಂದು ಕೇಳಿದ. ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ. ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕುಗಳು. ಅವನು ಮೊಬೈಲ್ ಬೆಳಕು ಹಿಡಿದು, ಕಾರಿನ ಒಳಮೈ ಕಡೆಗಿದ್ದ ನಾಲ್ಕು ಅಂಕಿಗಳನ್ನು ಹುಡುಕಿ ಓದಿದ: 2215. ಅಂದರೆ 2015ರ 22ನೇ ವಾರ, ಮೇ ತಿಂಗಳ ಕೊನೆ. ‘ಡಾಟ್’ (DOT) ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ತುದಿಯಲ್ಲಿ ಇದು ಅಚ್ಚಾಗಿರುತ್ತದೆ. ಎಷ್ಟೋ ಟೈರುಗಳಲ್ಲಿ ಪೂರ್ತಿ ಸಾಲು ಒಂದೇ ಪಕ್ಕೆಯಲ್ಲಿರುವುದರಿಂದ ಹೊರಗೆ ನಿಂತು ನೋಡುವವರಿಗೆ ಕಾಣದೆಯೂ ಇರಬಹುದು.

ಆ ಬಿರುಕಿನ ಕಾರಣವನ್ನು ನಾನೇ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಗಾಳಿಯಲ್ಲಿರುವ ಓಝೋನ್ ರಬ್ಬರಿನ ಅಣುಸರಪಳಿಯ ದ್ವಿಬಂಧಗಳನ್ನು ಕತ್ತರಿಸುತ್ತದೆ. ಬಿಸಿಲು ಮತ್ತು ಶಾಖ ಅದಕ್ಕೆ ಕೈಜೋಡಿಸುತ್ತವೆ. ಇದನ್ನು ತಡೆಯಲೆಂದೇ ಟೈರಿನ ರಬ್ಬರಿಗೆ ಮೇಣವನ್ನೂ ಕೆಲವು ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಗಾಡಿ ಓಡುವಾಗ ಟೈರು ಬಾಗಿ ಬಳುಕಿ ಅವು ಮೇಲ್ಮೈಗೆ ಬರುತ್ತಿರುತ್ತವೆ. ನಿಂತೇ ಇರುವ ಗಾಡಿಯ ಟೈರಿಗೆ ಆ ಲೇಪನದ ಭಾಗ್ಯ ಕಡಿಮೆ. ಕಾರನ್ನು ಜೋಪಾನವಾಗಿ ನಿಲ್ಲಿಸಿಟ್ಟು ನಾನು ಟೈರು ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ನಗು ಬರುತ್ತದೆ.

ಐದು ವರ್ಷ ದಾಟಿದ ಟೈರನ್ನು ಪ್ರತಿವರ್ಷ ತಿಳಿದವರಿಗೆ ತೋರಿಸಬೇಕು, ಹತ್ತು ವರ್ಷವಾದರೆ ಬಟನ್ ಎಷ್ಟೇ ಇದ್ದರೂ ತೆಗೆಯಬೇಕು ಎಂಬುದು ಹಲವು ತಯಾರಕರ ಸಲಹೆ. ಸ್ಟೆಪ್ನಿಗೂ ಇದು ಅನ್ವಯಿಸುತ್ತದೆ. ಪಕ್ಕೆಯಲ್ಲಿ ಬೋರೆಹಣ್ಣಿನಷ್ಟು ಉಬ್ಬು ಕಂಡರೂ ಒಳಗಿನ ದಾರಗಳು ಹರಿದಿವೆ ಎಂದರ್ಥ. ಆಗ ವರ್ಷ, ಕಿಲೋಮೀಟರ್ ಯಾವುದನ್ನೂ ಎಣಿಸುತ್ತಾ ಕೂರುವಂತಿಲ್ಲ.

ಸವೆತದ ವಿಷಯ ಹೆಚ್ಚಿನವರಿಗೆ ಗೊತ್ತು ಎಂದುಕೊಂಡಿದ್ದೆ. ಆದರೆ ಬೋಳಾದ ಮೇಲೆ ಬದಲಿಸಿದರಾಯಿತು ಎನ್ನುವವರೇ ನನಗೆ ಸಿಕ್ಕಿದ್ದಾರೆ. ಟೈರಿನ ಮುಖ್ಯ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಪುಟ್ಟ ರಬ್ಬರ್ ದಿಬ್ಬಗಳಿರುತ್ತವೆ. ಬಟನ್ ಸವೆದು ಅವುಗಳ ಮಟ್ಟಕ್ಕೆ ಇಳಿಯಿತೆಂದರೆ ಉಳಿದಿರುವುದು 1.6 ಮಿಲಿಮೀಟರ್. ಅನೇಕ ದೇಶಗಳ ಕಾನೂನು ಅಲ್ಲಿಗೆ ಗೆರೆ ಎಳೆದಿದೆ. ಮಳೆನೀರು ಆ ಗೆರೆಗೆ ಕಾಯುವುದಿಲ್ಲ. ಹೊಸ ಟೈರಿನ ಸುಮಾರು 8 ಮಿಲಿಮೀಟರ್ ಆಳದ ಕಾಲುವೆ ಹೊರಹಾಕುವ ನೀರನ್ನು ಸವೆದ ಟೈರು ಹೊರಹಾಕಲಾರದು. ಆಗ ಚಕ್ರ ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ, ಬ್ರೇಕು ಒತ್ತಿದರೂ ಸ್ಟಿಯರಿಂಗ್ ತಿರುಗಿಸಿದರೂ ಕಾರಿಗೆ ಕೇಳಿಸುವುದಿಲ್ಲ. 3 ಮಿಲಿಮೀಟರಿಗೇ ಬದಲಿಸಿ ಎಂದು ಹಲವು ಪರಿಣತರು ಹೇಳುವುದು ಇದಕ್ಕೇ.

ಹೊರ ಅಂಚನ್ನು ಮಾತ್ರ ನೋಡಿದರೂ ಮೋಸ ಹೋಗುತ್ತೇವೆ. ನನ್ನ ಅಳಿಯನ ಕಾರಿನ ಮುಂದಿನ ಟೈರು ಹೊರಗಿನಿಂದ ಹೊಸದರಂತಿತ್ತು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನೋಡಿದಾಗ ಒಳ ಅಂಚಿನಲ್ಲಿ ರಬ್ಬರ್ ಕಿತ್ತು ತಂತಿ ಇಣುಕುತ್ತಿತ್ತು. ಚಕ್ರಗಳ ನೇರ ಹೊಂದಾಣಿಕೆ (ಅಲೈನ್‌ಮೆಂಟ್) ತಪ್ಪಿ ಎಷ್ಟು ಕಾಲವಾಗಿತ್ತೋ.

ಗಾಳಿ ಕಡಿಮೆಯಾದ ಟೈರು ಓಡುತ್ತಾ ಓಡುತ್ತಾ ಅತಿಯಾಗಿ ಮಡಚಿಕೊಂಡು ಒಳಗೊಳಗೇ ಬಿಸಿಯಾಗುತ್ತದೆ. ಅದು ಹಳೆಯದೂ ಆಗಿದ್ದು, ಹೆದ್ದಾರಿಯ ವೇಗವೂ ಸೇರಿದರೆ ನಿಮ್ಮ ವರದಿಗಾರರಿಗೆ ಮರುದಿನ ಕೆಲಸ ಬರುತ್ತದೆ. ಅವರಿಗೆ ನನ್ನ ಕೋರಿಕೆ ಇಷ್ಟೇ: ಘಟನಾ ಸ್ಥಳಕ್ಕೆ ಹೋದಾಗ ಆ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ, ಉಳಿದ ಮೂರು ಟೈರುಗಳ ಬಟನ್ ಹೇಗಿದೆ ನೋಡಿ, ಅದನ್ನೂ ಸುದ್ದಿಯಲ್ಲಿ ಒಂದು ಸಾಲು ಸೇರಿಸಿ.

ನನ್ನ ನಾಲ್ಕು ಟೈರುಗಳನ್ನು ಬದಲಿಸಿದ್ದಾಗಿದೆ. ಡಿಕ್ಕಿಯಲ್ಲಿ ಒಂಬತ್ತು ವರ್ಷದಿಂದ ನೆಲ ಮುಟ್ಟದ ಸ್ಟೆಪ್ನಿ ಇದೆ. ಅದರ ಮೇಲೂ 2215 ಎಂದೇ ಇದೆ, ಮುಂದಿನ ವಾರ ಅದರ ಸರದಿ.

ಇತಿ,
ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ